ನೀರುಗಂಟಿಯ ಪಾಲು

ಊರ ಕೆರೆಯ ತೂಬು ಎತ್ತುವ ಹಕ್ಕು ಒಬ್ಬನಿಗೇ ಇತ್ತು. ಕೆರೆ ಅವನದಲ್ಲ, ಕೆಳಗಿನ ಗದ್ದೆಯೂ ಅವನದಲ್ಲ. ಯಾರ ಗದ್ದೆಗೆ ಯಾವ ದಿನ ಎಷ್ಟು ನೀರು ಎಂಬ ಲೆಕ್ಕ ಮಾತ್ರ ಅವನದು. ಜಡಿಮಳೆಯ ರಾತ್ರಿ ಕೋಡಿಯ ಬಳಿ ಕಂಬಳಿ ಹೊದ್ದು ನಿಲ್ಲುವವನು, ಏರಿಯಲ್ಲಿ ಜಿನುಗು ಕಂಡರೆ ಊರನ್ನು ಎಬ್ಬಿಸುವವನು ಅವನೇ, ನೀರುಗಂಟಿ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲು ಅಳೆದು ಕೊಡುವುದು ಪದ್ಧತಿ. ನೀನು ಏನು ಬಿತ್ತಿದೆ, ಏನು ಬೆಳೆದೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಕಾಯುವವನಿಗೂ ಪಾಲು ಇಡುವ ಈ ವಿಷಯದಲ್ಲಿ ಹಳೆಯ ಕಾಲದ ದಾನಿಗಳೂ ಜಾಣರು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿವೆ. ಹೂಳು ತೆಗೆದು ಏರಿಗೆ ಮಣ್ಣು ಹೊರುವ ಕೆರೆಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಹೊಡೆಯುವ ಆಳಿಗೆ ಎಂದೇ ದತ್ತಿ ಬಿಟ್ಟ ದಾಖಲೆಗಳಿವೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದಲ್ಲಿ ಮಾನ್ಯಪುರವಾಗಿತ್ತು. ಸೇನಾಪತಿ ಶ್ರೀವಿಜಯ ಅಲ್ಲಿ ಕಟ್ಟಿಸಿದ ಬಸದಿಗೆ ಗಂಗ ಮಾರಸಿಂಹ ದತ್ತಿ ಕೊಟ್ಟ ತಾಮ್ರಶಾಸನದ ಕಾಲ ಕ್ರಿ.ಶ. 797. ಕನ್ನಡ ನಾಡಿನ ಇಂಥ ಬಸದಿ, ದೇಗುಲಗಳ ದತ್ತಿಶಾಸನಗಳನ್ನು ಓದುತ್ತ ಹೋದರೆ ಪೂಜೆ, ನೈವೇದ್ಯ, ಋಷಿಗಳ ಆಹಾರದ ಸಾಲಿನಲ್ಲೇ ಇನ್ನೊಂದು ಬಾಬ್ತು ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ಖರ್ಚು. ದೀಪಕ್ಕೆ ಎಣ್ಣೆ ಕೊಟ್ಟವನು ಸೂರಿನ ಯೋಚನೆಯನ್ನೂ ಮಾಡಿರುತ್ತಿದ್ದ.

ಇಂದಿನ ವಿಶ್ವವಿದ್ಯಾಲಯಗಳ ಲೆಕ್ಕಪತ್ರ ವಿಭಾಗದಲ್ಲಿ ಈ ಬಾಬ್ತಿಗೆ ಓವರ್‌ಹೆಡ್ ಎನ್ನುತ್ತಾರೆ. ಅಚ್ಚ ಕಚೇರಿ ಕನ್ನಡದಲ್ಲಿ ಪರೋಕ್ಷ ವೆಚ್ಚ. ಸಂಶೋಧನೆಗೆ ದಾನ ಕೊಡುವ ಪ್ರತಿಷ್ಠಾನಗಳಿಗೂ ದಾನ ಪಡೆಯುವ ವಿಶ್ವವಿದ್ಯಾಲಯಗಳಿಗೂ ನಡುವೆ ಅತಿ ಹೆಚ್ಚು ಮುಜುಗರ ತರುವ ಪದ ಇದು. ಬೆಂಗಳೂರು ನಗರದ ಉತ್ತರ ಮತ್ತು ಪೂರ್ವದ ಅಂಚಿನಿಂದ ಪಕ್ಕದ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಜೀಪಿನಲ್ಲಿ ಬಂದು ಬಾವಿ ಅಳೆಯುವ, ಹಸು ಎಣಿಸುವ, ಮಣ್ಣು ಹೊತ್ತೊಯ್ಯುವ ಸಂಶೋಧಕರೆಲ್ಲರ ಬೆನ್ನ ಹಿಂದೆ ಈ ಲೆಕ್ಕವಿದೆ.

ಯಾವುದು ನೇರ, ಯಾವುದು ಪರೋಕ್ಷ? ಹೊಸಕೋಟೆಯಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಶಿಡ್ಲಘಟ್ಟ ರಸ್ತೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣದಿಂದ ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ವಿಇಎಲ್‌ಸಿ ಜೋಡಣೆಯಾದದ್ದೂ ಅಲ್ಲಿಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಉಪಕರಣದ ಕನ್ನಡಿ, ಕ್ಯಾಮೆರಾ, ಜೋಡಿಸಿದ ಎಂಜಿನಿಯರ್ ಇವೆಲ್ಲ ನೇರ ವೆಚ್ಚ. ಆದರೆ ಒಂದು ಕಣ ದೂಳು ಬೀಳದಂತೆ ಹಗಲೂ ರಾತ್ರಿ ಗಾಳಿ ಸೋಸುವ ಯಂತ್ರದ ಕರೆಂಟು ಬಿಲ್ಲು, ಕರೆಂಟು ಹೋದಾಗ ಏಳುವ ಜನರೇಟರಿನ ಡೀಸೆಲ್, ಗೇಟಿನ ಕಾವಲುಗಾರ, ಪರ್ಚೇಸ್ ವಿಭಾಗದ ಗುಮಾಸ್ತ, ಆಡಿಟರ್? ಇವರಿಲ್ಲದೆ ವಿಇಎಲ್‌ಸಿ ಇಲ್ಲ. ಆದರೆ ಇವರಲ್ಲಿ ಯಾರನ್ನೂ ‘ಇದು ವಿಇಎಲ್‌ಸಿಯ ಖರ್ಚು’ ಎಂದು ಪೂರ್ತಿ ಬರೆದುಕೊಳ್ಳಲಾಗದು. ಹತ್ತು ಕೆಲಸಕ್ಕೆ ಹಂಚಿಹೋಗುವ ಖರ್ಚು ಅದು. ಆ ಸಂಸ್ಥೆಯ ಸೂರು, ಸಂಬಳ ಎರಡನ್ನೂ ಕೇಂದ್ರ ಸರ್ಕಾರವೇ ನೋಡಿಕೊಳ್ಳುವುದರಿಂದ ಅಲ್ಲಿ ಜಗಳವಿಲ್ಲ. ಜಗಳ ಶುರುವಾಗುವುದು ಸೂರು ಒಬ್ಬರದಾಗಿ, ಕೆಲಸ ಇನ್ನೊಬ್ಬರ ದುಡ್ಡಿನದಾದಾಗ.

ಬತ್ತಿದ ಹೊಳೆಯ ಲೆಕ್ಕ

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಸಾಲನ್ನು ಹಾದು ಹೆಸರಘಟ್ಟಕ್ಕೆ ಇಳಿಯುತ್ತಾಳೆ. ಇಳಿಯುತ್ತಿದ್ದಳು ಎನ್ನುವುದೇ ಸರಿ. 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿದರು. ಅದು ಸಾಲದೆ 1933ರಲ್ಲಿ ಕೆಳಗೆ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಇತ್ತೀಚಿನ ದಶಕಗಳಲ್ಲಿ ಎರಡಕ್ಕೂ ಒಳಹರಿವು ಕುಸಿಯಿತು. ಮಳೆ ಹೋಯಿತು ಎಂದರು ಕೆಲವರು, ಬಿಸಿಲು ಜಾಸ್ತಿಯಾಯಿತು ಎಂದರು ಇನ್ನು ಕೆಲವರು. ಬೋರ್‌ವೆಲ್ ಅಂದರು, ನೀಲಗಿರಿ ಅಂದರು.

ಅದನ್ನು ಅಳೆದು ನೋಡಲು ಹೊರಟದ್ದು ಜಕ್ಕೂರಿನ ಬಳಿಯಿರುವ ಏಟ್ರೀ ಎಂಬ ಟ್ರಸ್ಟು. ಕಮಲ್‌ಜಿತ್ ಬಾವಾ 1996ರಲ್ಲಿ ಕಟ್ಟಿದ ಸಂಸ್ಥೆ. ಅರ್ಕಾವತಿಯ ಅಧ್ಯಯನಕ್ಕೆ ದುಡ್ಡು ಬಂದದ್ದು ಕೆನಡಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನಾ ಕೇಂದ್ರದಿಂದ. ಅದು ಧರ್ಮದತ್ತಿಯಲ್ಲ, ಕೆನಡಾ ಸರ್ಕಾರದ ಹಣ ಹಂಚುವ ನಿಗಮ. ಆದರೂ ಕೊಡುವ ರೀತಿ ಪ್ರತಿಷ್ಠಾನಗಳದ್ದೇ: ಇಂತಿಷ್ಟು ವರ್ಷ, ಇಂತಿಷ್ಟು ಬಾಬ್ತು, ಕೊನೆಗೆ ವರದಿ. ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮುಂತಾದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಜೊತೆ ಸೇರಿ 2015ರಲ್ಲಿ ಪ್ರಕಟಿಸಿದ ಪ್ರಬಂಧ ಐದು ಊಹೆಗಳನ್ನು ಒಂದೊಂದಾಗಿ ತೂಗಿ ನೋಡಿತು. ಮಳೆಯ ಪ್ರಮಾಣದಲ್ಲಾಗಲಿ ತಾಪಮಾನದಲ್ಲಾಗಲಿ ಆದ ಬದಲಾವಣೆ ಹೊಳೆ ಬತ್ತಿದ್ದನ್ನು ವಿವರಿಸಲು ಸಾಲದು. ಅಂತರ್ಜಲ ಎತ್ತಿದ್ದು, ನೀಲಗಿರಿ ತೋಪು ಹಬ್ಬಿದ್ದು ಮುಖ್ಯ ಕಾರಣಗಳಿರಬೇಕು, ಹಳ್ಳಗಳಿಗೆ ಅಲ್ಲಲ್ಲಿ ಅಡ್ಡ ಕಟ್ಟಿದ್ದೂ ಸ್ವಲ್ಪ ಮಟ್ಟಿಗೆ ಎಂದಿತು. ದೊಡ್ಡಬಳ್ಳಾಪುರದ ರೈತ ಇದನ್ನೇ ಚಹಾದಂಗಡಿಯಲ್ಲಿ ಹೇಳುತ್ತಿದ್ದನಲ್ಲ ಎನ್ನಬಹುದು. ಹೇಳುತ್ತಿದ್ದ. ಆದರೆ ಚಹಾದಂಗಡಿಯ ಮಾತಿಗೆ ಸರ್ಕಾರಿ ಕಡತದಲ್ಲಿ ಜಾಗವಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಮಾತಿನ ಜೊತೆ ಅಂಕಿಯೂ ಇತ್ತು.

ಆ ಪ್ರಬಂಧದ ಶೀರ್ಷಿಕೆಯಲ್ಲೇ ಒಂದು ಮಾತಿದೆ. ಅರ್ಕಾವತಿಯ ಸೀಮೆಯನ್ನು ಅದು ‘ದತ್ತಾಂಶದ ಬರವಿರುವ ಪ್ರದೇಶ’ ಎಂದು ಕರೆಯುತ್ತದೆ. ವಿಜ್ಞಾನ, ತಂತ್ರಜ್ಞಾನದ ರಾಜಧಾನಿ ಎಂದು ಹೆಮ್ಮೆ ಪಡುವ ನಗರಕ್ಕೆ ಅರವತ್ತು ಕಿಲೋಮೀಟರ್ ಒಳಗಿನ ಹೊಳೆಗೆ ಸಾಕಷ್ಟು ಅಳತೆಯೇ ಇಲ್ಲ. ಏಕಿಲ್ಲ? ಮಳೆಮಾಪಕ ಕೊಳ್ಳಲು ದುಡ್ಡು ಕೊಡುವವರಿದ್ದಾರೆ, ಅದು ಕಣ್ಣಿಗೆ ಕಾಣುತ್ತದೆ, ಮೇಲೆ ಹೆಸರಿನ ಫಲಕವನ್ನೂ ಅಂಟಿಸಬಹುದು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ ಅಂಕಿ ಬರೆದು, ವರ್ಷಗಟ್ಟಲೆ ಜೋಪಾನವಾಗಿಟ್ಟು, ಕೇಳಿದವರಿಗೆ ಕೊಡುವವನ ಸಂಬಳಕ್ಕೆ ಬಾಬ್ತು ಇಲ್ಲ. ಯೋಜನೆಗೆ ಕೊನೆಯ ತಾರೀಕು ಇದೆ, ಮಳೆಗೆ ಇಲ್ಲ.

ಐವತ್ತು ಲಕ್ಷದ ಒಂದು ಯೋಜನೆ

ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ಇದು ನನ್ನ ಕಲ್ಪನೆಯ ಯೋಜನೆ, ಯಾವ ಸಂಸ್ಥೆಯದ್ದೂ ಅಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ನೂರು ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಮೂರು ವರ್ಷ ಅಳೆಯಬೇಕು. ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು (ಕೇಂದ್ರದ 2023ರ ದರದಂತೆ ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕರಿಗೆ ತಿಂಗಳಿಗೆ ₹37,000, ಮನೆ ಬಾಡಿಗೆ ಭತ್ಯೆ ಬೇರೆ), ಒಬ್ಬ ಕ್ಷೇತ್ರ ಸಹಾಯಕ, ಅಳತೆಯ ಉಪಕರಣ, ಬಾಡಿಗೆ ವಾಹನ. ನೇರ ವೆಚ್ಚ ₹50 ಲಕ್ಷ ಎಂದಿಟ್ಟುಕೊಳ್ಳಿ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬಳಗದಲ್ಲಿ ರೂಢಿಯಾದ ಲೆಕ್ಕದಂತೆ ಇಂಥ ಯೋಜನೆಗೆ ಶಿಕ್ಷಣ ಸಂಸ್ಥೆಗಾದರೆ ಶೇ 10, ಕೇಂದ್ರದ್ದೇ ಪ್ರಯೋಗಾಲಯಕ್ಕಾದರೆ ಶೇ 8ರಷ್ಟು ಓವರ್‌ಹೆಡ್. ಯೋಜನೆ ಕೋಟಿ ದಾಟಿದರೆ ರೂಪಾಯಿಯಲ್ಲೇ ಮಿತಿ ಬೀಳುತ್ತದೆ. ಅಂದರೆ ನಮ್ಮ ಯೋಜನೆಗೆ ₹5 ಲಕ್ಷ. ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ ₹14,000ಕ್ಕೂ ಕಡಿಮೆ. ಇದರಲ್ಲಿ ಪ್ರಯೋಗಾಲಯದ ಕರೆಂಟು, ನೀರು, ಇಂಟರ್ನೆಟ್ಟು, ಗ್ರಂಥಾಲಯದ ಚಂದಾ, ಝಾಡಮಾಲಿ, ಕಾವಲುಗಾರ, ಸೋರುವ ತಾರಸಿ, ಟೆಂಡರ್ ಕರೆಯುವ ಗುಮಾಸ್ತ, ವರ್ಷಕ್ಕೊಮ್ಮೆ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವ ಲೆಕ್ಕಿಗ, ಅದಕ್ಕೆ ಸಹಿ ಹಾಕುವ ಆಡಿಟರ್ ಎಲ್ಲರ ಪಾಲೂ ಬರಬೇಕು. ಅರ್ಧ ದಿನದ ಲೆಕ್ಕಿಗನೂ ಆ ದುಡ್ಡಿಗೆ ಸಿಗುವುದಿಲ್ಲ.

ಉಳಿದದ್ದನ್ನು ತುಂಬುವವರು ಯಾರು? ಕೃಷಿ ವಿಶ್ವವಿದ್ಯಾಲಯದಂಥ ಸರ್ಕಾರಿ ಸಂಸ್ಥೆಯಲ್ಲಿ ರಾಜ್ಯದ ಖಜಾನೆ, ಅಂದರೆ ನಾವು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಫೀಸು. ಟ್ರಸ್ಟಿನಲ್ಲಿ ಅಲ್ಲಿ ದುಡಿಯುವವರ ಕಡಿಮೆ ಸಂಬಳ. ಹಾಗಾಗಿ ಹೆಚ್ಚು ಯೋಜನೆ ತಂದ ಪ್ರಾಧ್ಯಾಪಕ ಸಂಸ್ಥೆಗೆ ಹೆಚ್ಚು ನಷ್ಟ ತಂದಂತೆಯೂ ಆಗುತ್ತದೆ. ಹತ್ತು ಯೋಜನೆ ಬಂದರೆ ಹತ್ತು ಕಡೆ ಅರೆಹೊಟ್ಟೆ. ಸನ್ಮಾನ ಸಮಾರಂಭದಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ, ಹಣಕಾಸು ಸಮಿತಿಯ ಸಭೆಯಲ್ಲಿ ಎತ್ತುತ್ತಾರೆ.

ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಇನ್ನೊಂದು ಲೆಕ್ಕವೂ ನಡೆದಿದೆ. ಬೆಂಗಳೂರು ಬೆಳೆದಂತೆ ಸುತ್ತಲಿನ ಹಳ್ಳಿಗಳ ಬೇಸಾಯ, ಹೈನುಗಾರಿಕೆ, ಊಟ, ಮರಗಿಡ ಹೇಗೆ ಬದಲಾಗುತ್ತವೆ ಎಂದು ನೋಡಲು ಜರ್ಮನಿಯ ಗಟಿಂಗನ್, ಕಾಸಲ್ ವಿಶ್ವವಿದ್ಯಾಲಯಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ 2016ರಿಂದ ದೊಡ್ಡ ಅಧ್ಯಯನ ನಡೆಸಿದವು. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಪಟ್ಟಿ ಗುರುತಿಸಿದರು. ಉತ್ತರದ ಪಟ್ಟಿ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳ ಮೇಲೆ ಹಾದಿತ್ತು. ಜರ್ಮನರ ಖರ್ಚು ಅಲ್ಲಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿಯದ್ದು, ನಮ್ಮವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು. ಡಿಎಫ್‌ಜಿ ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ನೇರ ವೆಚ್ಚದ ಮೇಲೆ ಶೇ 22ರಷ್ಟು ಪರೋಕ್ಷ ವೆಚ್ಚ ಸೇರಿಸಿ ಕೊಡುತ್ತದೆ. ಅದೂ ಸಾಲದೆಂದು ಅಲ್ಲಿಯ ಕುಲಪತಿಗಳು ಗೊಣಗುತ್ತಾರೆ! ಒಂದೇ ಹಟ್ಟಿಯ ಹಸುವನ್ನು ಇಬ್ಬರು ನೋಡಿದರು. ಒಬ್ಬರ ಟೇಬಲಿನ ದೀಪಕ್ಕೆ ಸಿಕ್ಕ ಎಣ್ಣೆ ಇನ್ನೊಬ್ಬರದ್ದಕ್ಕೆ ಸಿಗುವ ರೂಢಿಯ ದರದ ಎರಡರಷ್ಟು.

ಇದಕ್ಕೆ ಎದುರಾಗಿ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನೋಡಿ. ಯಾವ ಯೋಜನೆ ಬರಲಿ, ಹೋಗಲಿ, ಅದರ ಬಾಗಿಲು ತೆರೆದಿರುತ್ತದೆ. ಸಂಬಳ, ಕಟ್ಟಡ ಎರಡಕ್ಕೂ ಕೇಂದ್ರದ ಕೃಷಿ ಅನುಸಂಧಾನ ಪರಿಷತ್ತು ಇದೆ. ನೀರುಗಂಟಿಯ ಪಾಲು ಅಲ್ಲಿ ಮೊದಲೇ ಅಳೆದಿಟ್ಟದ್ದು.

ಅಮೆರಿಕದ ಶೇ 15

ಈ ಒಣ ವಿಷಯ ಜಗತ್ತಿನ ಸುದ್ದಿಯಾದದ್ದು 2025ರ ಫೆಬ್ರುವರಿ 7ರಂದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಇನ್ನು ಮುಂದೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಪರೋಕ್ಷ ವೆಚ್ಚ ಶೇ 15 ಮಾತ್ರ ಎಂದು ಘೋಷಿಸಿತು. ಹಾರ್ವರ್ಡ್ ಶೇ 69, ಯೇಲ್ ಶೇ 67.5 ಪಡೆಯುತ್ತಿದ್ದವು. ಘೋಷಣೆಗೆ ಕೊಟ್ಟ ಸಮರ್ಥನೆ ಕುತೂಹಲದ್ದು: ದತ್ತಿ ಪ್ರತಿಷ್ಠಾನಗಳು ಕೊಡುವುದೇ ಅಷ್ಟು, ಅದನ್ನು ವಿಶ್ವವಿದ್ಯಾಲಯಗಳು ತೆಪ್ಪಗೆ ಒಪ್ಪಿಕೊಳ್ಳುತ್ತವೆ, ಸರ್ಕಾರಕ್ಕೆ ಮಾತ್ರ ಏಕೆ ಹೆಚ್ಚು? ಗೇಟ್ಸ್ ಪ್ರತಿಷ್ಠಾನ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೆಚ್ಚೆಂದರೆ ಶೇ 10 ಕೊಡುತ್ತಿತ್ತು, ರಾಬರ್ಟ್ ವುಡ್ ಜಾನ್ಸನ್ ಶೇ 12, ಪ್ಯಾಕರ್ಡ್, ರಾಕ್‌ಫೆಲರ್, ಟೆಂಪಲ್ಟನ್ ಶೇ 15.

ಮೇಲ್ನೋಟಕ್ಕೆ ಸರಿಯೇ ಅನ್ನಿಸುವ ಈ ವಾದದಲ್ಲಿ ಎರಡು ತೂತುಗಳಿವೆ. ಮೊದಲನೆಯದು, ಶೇಕಡಾ ಯಾವುದರ ಮೇಲೆ ಎಂಬುದು. ಶೇ 60 ಎಂದರೆ ಒಟ್ಟು ಹಣದಲ್ಲಿ ಅರವತ್ತು ಅಲ್ಲ, ನೂರು ರೂಪಾಯಿ ನೇರ ವೆಚ್ಚದ ಮೇಲೆ ಅರವತ್ತು, ಅಂದರೆ ಒಟ್ಟು ನೂರ ಅರವತ್ತರಲ್ಲಿ ಅರವತ್ತು, ಶೇ 37.5. ಅದೂ ದುಬಾರಿ ಯಂತ್ರಗಳ ಬೆಲೆಯನ್ನು ಬಿಟ್ಟು ಉಳಿದ ನೇರ ವೆಚ್ಚಕ್ಕೆ ಮಾತ್ರ. ಪ್ರತಿಷ್ಠಾನಗಳು ಸಾಮಾನ್ಯವಾಗಿ ಶೇ 10 ಎಂದು ಬಾಯಲ್ಲಿ ಹೇಳಿದರೂ ಯೋಜನೆಯ ಮ್ಯಾನೇಜರು, ಕಟ್ಟಡದ ಬಾಡಿಗೆ ಇಂಥವನ್ನು ನೇರ ವೆಚ್ಚದಲ್ಲೇ ಬರೆದುಕೊಳ್ಳಲು ಬಿಡುತ್ತವೆ. ಎರಡು ಅಂಗಡಿಯ ತಕ್ಕಡಿ ಬೇರೆ, ತೂಕದ ಕಲ್ಲೂ ಬೇರೆ. ಎರಡನೆಯದು ಇನ್ನೂ ದೊಡ್ಡದು. ಸರ್ಕಾರ ಸೂರು ಹೊದಿಸಿದ್ದರಿಂದಲೇ ಪ್ರತಿಷ್ಠಾನಗಳು ಒಳಗೆ ಕೂತು ದೀಪವನ್ನಷ್ಟೇ ಕೊಡಲು ಸಾಧ್ಯವಾಗಿತ್ತು. ಬ್ರಿಟನ್ನಿನಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ: ಅಲ್ಲಿಯ ವೈದ್ಯಕೀಯ ದತ್ತಿಸಂಸ್ಥೆಗಳು ಸಾಮಾನ್ಯವಾಗಿ ಪರೋಕ್ಷ ವೆಚ್ಚ ಕೊಡುವುದಿಲ್ಲ, ಇಂಗ್ಲೆಂಡಿನಲ್ಲಿ ಸರ್ಕಾರವೇ ಒಂದು ಪ್ರತ್ಯೇಕ ನಿಧಿಯಿಂದ ಆ ಕೊರತೆಯ ಒಂದು ಭಾಗವನ್ನು ವಿಶ್ವವಿದ್ಯಾಲಯಗಳಿಗೆ ತುಂಬುತ್ತದೆ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಬೋಸ್ಟನ್ನಿನ ಫೆಡರಲ್ ನ್ಯಾಯಾಲಯ ಎನ್‌ಐಎಚ್ ಆದೇಶಕ್ಕೆ ಶಾಶ್ವತ ತಡೆ ಹಾಕಿತು.

ಹಾಗೆಂದು ದಾನಿಗಳ ಅನುಮಾನ ಬರೀ ಜಿಪುಣತನವೂ ಅಲ್ಲ. 1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರೋಕ್ಷ ವೆಚ್ಚದ ಪಟ್ಟಿಯನ್ನು ಅಮೆರಿಕದ ಸಂಸತ್ ಸಮಿತಿ ಬಿಚ್ಚಿ ನೋಡಿದಾಗ ಅದರಲ್ಲಿ ಒಂದು ವಿಹಾರ ನೌಕೆಯ ಸವಕಳಿ, ವಿಶ್ವವಿದ್ಯಾಲಯದ ಅಧ್ಯಕ್ಷರ ನಿವಾಸದ ಹೂವಿನ ಖರ್ಚು ಕಂಡವು. ಅಧ್ಯಕ್ಷ ಡೊನಾಲ್ಡ್ ಕೆನಡಿ ಅದೇ ವರ್ಷ ರಾಜೀನಾಮೆ ಘೋಷಿಸಿದರು, ಆಡಳಿತ ವೆಚ್ಚಕ್ಕೆ ಶೇ 26ರ ಮಿತಿ ಬಂತು. ನಮ್ಮಲ್ಲೂ ಓವರ್‌ಹೆಡ್ ಎಂದು ಬಂದ ಹಣ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆ ಸೇರಿದ ಮೇಲೆ ಎಲ್ಲಿ ಹೋಯಿತೆಂದು ಕೇಳಿದರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಗುವೇ ಉತ್ತರ. ಪ್ರಯೋಗಾಲಯದ ನಲ್ಲಿ ಸೋರುತ್ತಲೇ ಇರುತ್ತದೆ, ಅತಿಥಿಗೃಹಕ್ಕೆ ಹೊಸ ಸೋಫಾ ಬಂದಿರುತ್ತದೆ. ನೀರುಗಂಟಿಯ ಪಾಲನ್ನು ಪಟೇಲ ಎತ್ತಿಕೊಂಡು ಹೋದರೆ ರೈತ ಅಳೆಯುವುದನ್ನು ನಿಲ್ಲಿಸುತ್ತಾನೆ.

ಶೇ 20, ಶೇ 5

ಭಾರತದಲ್ಲಿ ಕಾನೂನಿನದೇ ಎರಡು ಗಂಟುಗಳಿವೆ. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿ, ವಿದೇಶಿ ಹಣದಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಬಾಡಿಗೆ, ಫೋನು, ಕರೆಂಟು, ಲೆಕ್ಕಪತ್ರ, ವಕೀಲರ ಫೀಸು ಎಲ್ಲ ಆ ಇಪ್ಪತ್ತರೊಳಗೆ. ಸಂಶೋಧನೆಯನ್ನೇ ಮುಖ್ಯ ಕೆಲಸವಾಗಿಟ್ಟುಕೊಂಡ ಸಂಸ್ಥೆಗಳಿಗೆ ನಿಯಮದಲ್ಲಿ ಒಂದು ಸಮಾಧಾನವಿದೆ, ಕ್ಷೇತ್ರದ ದತ್ತಾಂಶ ಸಂಗ್ರಹಿಸಿ ವಿಶ್ಲೇಷಿಸುವವರ ಸಂಬಳ ಆಡಳಿತ ವೆಚ್ಚವಲ್ಲ. ಆದರೆ ಅದೇ ತಿದ್ದುಪಡಿ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ದೊಡ್ಡ ಸಂಸ್ಥೆಯೊಂದು ಅನುದಾನ ತಂದು ತಾಲ್ಲೂಕಿನ ಸಣ್ಣ ಸಂಘಕ್ಕೆ ಒಂದು ತುಣುಕು ಕೊಟ್ಟು ಸ್ಥಳೀಯರಿಂದ ಅಳತೆ ಮಾಡಿಸುವ ದಾರಿ ಹಾಗಾಗಿ ಮುಚ್ಚಿತು.

ಎರಡನೆಯ ಗಂಟು ಕಾನೂನಿಗಿಂತ ತಪ್ಪು ತಿಳಿವಳಿಕೆಯದ್ದು. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಗಳು, ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್ ಇರುವ ಜಿಲ್ಲೆಯಲ್ಲಿ ಸಿಎಸ್‌ಆರ್ ಎಂಬ ಪದ ಗ್ರಾಮ ಪಂಚಾಯಿತಿ ಸದಸ್ಯರಿಗೂ ಗೊತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಕೊಡಬಹುದು. 2021ರ ಜನವರಿಯ ನಿಯಮಗಳು ‘ಆಡಳಿತ ವೆಚ್ಚ ಶೇ 5 ಮೀರಬಾರದು’ ಎಂದವು. ಆ ಶೇ 5 ಕಂಪನಿಯ ಒಳಗೆ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ ಹಾಕಿದ ಮಿತಿ. ದುಡ್ಡು ಪಡೆದು ಕೆಲಸ ಮಾಡುವ ಸಂಸ್ಥೆಯ ಖರ್ಚಿಗಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಶ್ನೋತ್ತರ ಹೊರಡಿಸಿ ಇದನ್ನು ತಿಳಿಸಿಯೂ ಆಯಿತು. ಆದರೂ ‘ನಿಮಗೆ ಶೇ 5ಕ್ಕಿಂತ ಹೆಚ್ಚು ಕೊಡಲು ಕಾನೂನು ಬಿಡುವುದಿಲ್ಲ ಸಾರ್’ ಎಂಬ ಮಾತು ಮೀಟಿಂಗಿನಲ್ಲಿ ಇನ್ನೂ ಓಡಾಡುತ್ತಿದೆ. ಹೇಳುವವರು ನಿಜಕ್ಕೂ ಹಾಗೆ ನಂಬಿದ್ದಾರೋ, ನಂಬಿದರೆ ಅನುಕೂಲವೆಂದು ನಂಬಿದ್ದಾರೋ ದೇವರೇ ಬಲ್ಲ.

ನಿಜವಾದ ಖರ್ಚು ಎಷ್ಟಿರುತ್ತದೆ? ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ 2021ರಲ್ಲಿ ಭಾರತದ 40 ಸ್ವಯಂಸೇವಾ ಸಂಸ್ಥೆಗಳ ಲೆಕ್ಕಪತ್ರ ತೆರೆದು ನೋಡಿತು. ಪರೋಕ್ಷ ವೆಚ್ಚ ಶೇ 5ರಿಂದ ಶೇ 51ರವರೆಗೆ ಹರಡಿತ್ತು, ನಡುವಿನ ಅಂಕಿ ಶೇ 19. ಇವು ವಿಶ್ವವಿದ್ಯಾಲಯಗಳಲ್ಲ, ಪ್ರಯೋಗಾಲಯ ಇಟ್ಟುಕೊಂಡವರ ಖರ್ಚು ಇನ್ನೂ ಮೇಲೆಯೇ ಇರಬೇಕು. ಒಂದೇ ಶೇಕಡಾವನ್ನು ಎಲ್ಲರ ತಲೆಗೂ ಕಟ್ಟುವುದು ಎಷ್ಟು ಒರಟು ಎಂಬುದಕ್ಕೆ ಆ 5 ಮತ್ತು 51ರ ನಡುವಿನ ದೂರವೇ ಸಾಕ್ಷಿ. ಫೋರ್ಡ್ ಪ್ರತಿಷ್ಠಾನ ಕಲಿತುಕೊಂಡಿತು, 2023ರಿಂದ ತನ್ನ ಕನಿಷ್ಠ ದರವನ್ನು ಶೇ 25ಕ್ಕೆ ಏರಿಸಿತು.

ಸಂಶೋಧನಾ ಅನುದಾನದ ಮೇಲೆ ಶೇ 18 ಜಿಎಸ್‌ಟಿ ಕೇಳಿ ಕೆಲವು ಸಂಸ್ಥೆಗಳಿಗೆ ನೋಟಿಸು ಹೋದದ್ದೂ ನೆನಪಿರಬಹುದು. 2024ರ ಸೆಪ್ಟೆಂಬರ್ 9ರ ಜಿಎಸ್‌ಟಿ ಮಂಡಳಿ ಸಭೆ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಉತ್ತರ ಬರೆದ ವಕೀಲರ ಬಿಲ್ಲು ಯಾವ ಬಾಬ್ತಿನಿಂದ ಹೋಗಿರಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಟಾಟಾ ಕೊಟ್ಟದ್ದು, ಮೈಸೂರು ಕೊಟ್ಟದ್ದು

ಸೂರಿನ ಸಮೇತ ದಾನ ಕೊಟ್ಟ ಉದಾಹರಣೆ ನಮ್ಮಲ್ಲೇ ಇದೆ. ಜಮ್‌ಷೆಡ್‌ಜಿ ಟಾಟಾ 1898ರಲ್ಲಿ ಸಂಶೋಧನಾ ಸಂಸ್ಥೆಗೆಂದು ಮುಂದಿಟ್ಟದ್ದು ₹30 ಲಕ್ಷ ಬೆಲೆಯ ಆಸ್ತಿ. ಒಂದು ಕಂತಿನಲ್ಲಿ ಸುರಿಯುವ ಹಣವಲ್ಲ ಅದು, ವರ್ಷಕ್ಕೆ ₹1.25 ಲಕ್ಷ ವರಮಾನ ತರುವ ಮೂಲ. ಇಷ್ಟಾದರೂ ವೈಸ್‌ರಾಯ್ ಕರ್ಜನ್‌ಗೆ ಅನುಮಾನ, ವರ್ಷ ವರ್ಷ ನಡೆಸುವ ಖರ್ಚು ಕೊನೆಗೆ ಯಾರ ತಲೆಗೆ ಬರುತ್ತದೆ? ಮೈಸೂರು ಸಂಸ್ಥಾನ 371 ಎಕರೆ ಜಮೀನು, ಕಟ್ಟಡಕ್ಕೆ ₹5 ಲಕ್ಷ, ಮೇಲೆ ಪ್ರತಿವರ್ಷ ₹50,000 ಕೊಡುವುದಾಗಿ ಹೇಳಿತು. ಆ ವರ್ಷಾಶನದ ಮಾತೇ ಬೆಂಗಳೂರಿನ ಕಡೆ ತಕ್ಕಡಿ ವಾಲಿಸಿತು ಎಂದು ನನಗನ್ನಿಸುತ್ತದೆ. ಭಾರತ ಸರ್ಕಾರದ ವಾರ್ಷಿಕ ಅನುದಾನವೂ ಸೇರಿ 1909ರ ಮೇ 27ರಂದು ಭಾರತೀಯ ವಿಜ್ಞಾನ ಸಂಸ್ಥೆ ಕಾನೂನುಬದ್ಧವಾಯಿತು. ತನ್ನ ಹೆಸರು ಇಡಬೇಡಿ ಎಂದ ಟಾಟಾ ಆ ದಿನ ನೋಡಲು ಉಳಿದಿರಲಿಲ್ಲ. ಫಲಕದ ಮೇಲೆ ಅವರ ಹೆಸರಿಲ್ಲ, ಬಸ್ಸಿನ ಕಂಡಕ್ಟರ್ ಮಾತ್ರ ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್ ಇಳೀರಿ’ ಎನ್ನುತ್ತಾನೆ.

ಅದಕ್ಕೆ ಹೊಂದಿಕೊಂಡ ಸದಾಶಿವನಗರದಲ್ಲಿ ಸಿ.ವಿ. ರಾಮನ್ 1948ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ, ದಾನದ ದುಡ್ಡಿನಲ್ಲಿ. ಸರ್ಕಾರದ ಹಂಗು ಬೇಡವೆಂಬ ಹಟ ಅವರದ್ದು. 1970ರಲ್ಲಿ ಅವರು ತೀರಿಕೊಂಡರು, 1972ರಲ್ಲಿ ಸಂಸ್ಥೆ ಕೇಂದ್ರದ ಅನುದಾನಕ್ಕೆ ಸೇರಿತು.

ಈಚಿನ ದಾನಿಗಳಲ್ಲೂ ಇದನ್ನು ಅರಿತವರಿದ್ದಾರೆ. ಕ್ರಿಸ್ ಗೋಪಾಲಕೃಷ್ಣನ್ ಕುಟುಂಬದ ಪ್ರತೀಕ್ಷಾ ಟ್ರಸ್ಟ್ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕೆ ಹತ್ತು ವರ್ಷಕ್ಕೆ ₹225 ಕೋಟಿ ಕೊಟ್ಟಿತು. ಆ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮರೆವು, ಮುಪ್ಪನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಲು ಹೊರಟಿದೆ. ಬೆಂಗಳೂರಿಂದ ಅಲ್ಲಿಗೆ ಹೋಗುವ ದಾರಿ ಹೊಸಕೋಟೆ ಟೋಲ್‌ಗೇಟಿನ ಮೇಲೆ. ಟೋಲ್ ರಸೀದಿ ನೇರ ವೆಚ್ಚ, ವಾಹನ ರಾತ್ರಿ ನಿಲ್ಲುವ ಶೆಡ್ಡಿನ ದೀಪ ಪರೋಕ್ಷ ವೆಚ್ಚ. ಮೂರು ವರ್ಷದ ಯೋಜನೆಯ ದುಡ್ಡಿನಲ್ಲಿ ಇಂಥ ಅಧ್ಯಯನ ಆಗದ ಮಾತು. ಮನುಷ್ಯ ಮುದುಕನಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಎಲ್ಲರೂ ಸಂಸ್ಥೆಯನ್ನೇ ಕಟ್ಟಲಾರರು, ಬೇಕಾಗಿಯೂ ಇಲ್ಲ. ಆದರೆ ಇನ್ನು ಮುಂದೆ ದಾನದ ಭಾರ ಹೆಚ್ಚಲಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ ಗುರಿ ಇಟ್ಟದ್ದು ₹50,000 ಕೋಟಿ. ಅದರಲ್ಲಿ ಸರ್ಕಾರದ್ದು ₹14,000 ಕೋಟಿ, ಉಳಿದ ₹36,000 ಕೋಟಿ ಕೈಗಾರಿಕೆ, ದತ್ತಿಗಳಿಂದ ಬರಬೇಕೆಂಬ ಲೆಕ್ಕಾಚಾರ. ಸರ್ಕಾರ ಸೂರು ಹೊದಿಸಲಿ, ನಾವು ದೀಪ ಕೊಡುತ್ತೇವೆ ಎಂದು ದತ್ತಿಗಳು ಅಂದುಕೊಂಡರೆ, ಇಲ್ಲಿ ಸರ್ಕಾರ ಅವರ ಕೈ ನೋಡುತ್ತ ನಿಂತಿದೆ.

ಆದ್ದರಿಂದ ಈ ಜಿಲ್ಲೆಯ ಕೈಗಾರಿಕಾ ಪ್ರದೇಶಗಳ ಸಿಎಸ್‌ಆರ್ ಸಮಿತಿಗಳಲ್ಲಿ ಕೂರುವವರಿಗೆ, ಊರ ಕೆರೆಯ ಅಧ್ಯಯನಕ್ಕೆ ಕಾಲೇಜೊಂದಕ್ಕೆ ಚೆಕ್ ಕೊಡಲಿರುವ ಟ್ರಸ್ಟಿಗಳಿಗೆ ಒಂದು ಕೋರಿಕೆ. ಅರ್ಜಿಯ ನಮೂನೆಯಲ್ಲಿ ‘ಆಡಳಿತ ವೆಚ್ಚ ಶೇ 5 ಮೀರಬಾರದು’ ಎಂದು ಅಚ್ಚು ಹಾಕಿಸಿದ್ದರೆ ಆ ಸಾಲನ್ನು ತೆಗೆಸಿ. ಬದಲಿಗೆ ಕಳೆದ ಮೂರು ವರ್ಷ ಕರೆಂಟು, ಲೆಕ್ಕಪತ್ರ, ಕಾವಲು, ರಿಪೇರಿಗೆ ನಿಜವಾಗಿ ಎಷ್ಟಾಯಿತು, ಅದರಲ್ಲಿ ಈ ಯೋಜನೆಯ ಪಾಲೆಷ್ಟು ಎಂದು ಕೇಳಿ, ರಸೀದಿ ನೋಡಿ, ಅಷ್ಟನ್ನು ಕೊಡಿ. ಕೊಟ್ಟ ಮೇಲೆ ಅದು ಪ್ರಯೋಗಾಲಯಕ್ಕೇ ಹೋಯಿತೇ ಎಂದು ವರ್ಷದ ಕೊನೆಗೆ ಇನ್ನೊಮ್ಮೆ ಕೇಳಿ. ಮತ್ತು ಮಳೆಮಾಪಕ ಕೊಡಿಸುವುದಾದರೆ ಅದರ ಅಂಕಿ ಬರೆಯುವವರ ಹತ್ತು ವರ್ಷದ ಸಂಬಳವನ್ನೂ ಜೊತೆಗೇ ಬ್ಯಾಂಕಿನಲ್ಲಿಡಿ.